ಮೈ ಜಾಡಿಸದ ಕುರಿ

ದಿಲ್ಲಿಯ ಕುರಿಗಳಿಗೆ ಕುರಿಯ ವಾಸನೆಯೇ ಇರಲಿಲ್ಲ. ಕೆಲಸಕ್ಕೆ ಸೇರಿದ ದಿನ ಪ್ರಯೋಗಶಾಲೆಯ ಹಿಂದಿನ ಕೊಟ್ಟಿಗೆ ತೋರಿಸಿದರು. ಫಿನಾಯಿಲ್ ಹಾಕಿ ತೊಳೆದ ಸಿಮೆಂಟಿನ ನೆಲ, ಕಿವಿಗೆ ಚುಚ್ಚಿದ ನಂಬರು. ನಮ್ಮೂರು ಮೊರಬದಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಅಪ್ಪನ ಹಿಂಡು ಯಾವುದೆಂದು ಮೂಗಿನಿಂದಲೇ ಹೇಳುತ್ತಿದ್ದೆ. ಇಲ್ಲಿ ಮೂಗು ಕೆಲಸಕ್ಕೆ ಬರಲಿಲ್ಲ.

ಮಾಳಿಗೆಯ ಮೇಲಿನ ಒಂಟಿ ಕೋಣೆಗೆ ಇಲ್ಲಿ ಬರಸಾತಿ ಎನ್ನುತ್ತಾರೆ. ಅಂಥದೊಂದರಲ್ಲಿ ಬಾಡಿಗೆಗಿದ್ದೇನೆ. ಏನು ಕೆಲಸವೆಂದು ಮನೆಯೊಡತಿ ಕೇಳಿದಾಗ ಪ್ರಾಣಿಗಳ ಔಷಧಿ ಎಂದಷ್ಟೇ ಹೇಳಿದೆ. ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಲಿತ ನನ್ನ ಹಿಂದಿಗೆ ತರಕಾರಿಯವನೂ ನಗುತ್ತಾನೆ. ಜೋಳ ಕೊಡು ಎಂದರೆ ಅಂಗಡಿಯವ ಮನೆಯಲ್ಲಿ ಎಷ್ಟು ದನ ಇವೆ ಎಂದು ವಿಚಾರಿಸಿದ. ಹಟ ಹಿಡಿದು ಬೀಸಿಸಿ ತಂದು ರೊಟ್ಟಿ ಬಡಿದೆ. ಸಪ್ಪಳ ಕೇಳಿ ಮೇಲೆ ಬಂದ ಮನೆಯೊಡತಿ ಒಂದು ರೊಟ್ಟಿ ತಿಂದು ಹೋದರು. ಆ ವಾರವೆಲ್ಲ ಅದೇ ಸಂತೋಷದಲ್ಲಿದ್ದೆ.

ಪ್ರಾಣಿ ಕೊಯ್ಯುವವರು ಎಂಥವರು ಎಂದು ಊರಲ್ಲಿ ಕೇಳುತ್ತಾರೆ. ನಮ್ಮ ಮುಖ್ಯಸ್ಥೆ ಮಾಥುರ್ ಮೇಡಂ ಅವರ ತಮ್ಮ ಹುಚ್ಚುನಾಯಿ ಕಡಿದು ಸತ್ತವನು. ಅವನ ಸಾವು ನೋಡಿಯೇ ಇವರು ಈ ವಿದ್ಯೆಗೆ ಬಂದರು. ಜೊತೆ ಕೆಲಸ ಮಾಡುವ ಕುಂಭಕೋಣದವರೊಬ್ಬರು ಮೊಟ್ಟೆ ಕೂಡ ಮುಟ್ಟುವುದಿಲ್ಲ, ದಿನವಿಡೀ ಇಲಿ ಕೊಯ್ಯುತ್ತಾರೆ. ಪಂಜಾಬಿನ ಇನ್ನೊಬ್ಬರದು ಎಮ್ಮೆ ಸಾಕಿದ ಮನೆ. ಕುರಿಗಳ ನಡುವೆಯೇ ಹುಟ್ಟಿದ ನನಗೆ ಈ ಕೆಲಸ ಸಲೀಸು ಎಂದು ಎಲ್ಲರೂ ತಿಳಿದಿದ್ದರು. ಅದೇ ನನ್ನ ಸಂಕಟ.

ಕುರಿ ಸಿಡುಬಿನ ಹೊಸ ಲಸಿಕೆ ಹಾಕಿದ ಕುರಿಯೊಂದನ್ನು ಕೊಂದು ಒಳಗಿನದನ್ನು ಪರೀಕ್ಷಿಸಬೇಕಿತ್ತು. ಮೊದಲ ಸರದಿ ನನ್ನದು. ನಮ್ಮಲ್ಲಿ ಕೊಯ್ಯುವ ಮೊದಲು ಕುರಿಯ ಬೆನ್ನಿಗೆ ನೀರು ಹಾಕಿ ನಿಲ್ಲುತ್ತಾರೆ. ಅದು ಮೈ ಜಾಡಿಸಿದರೆ ಒಪ್ಪಿತು ಎಂದರ್ಥ; ಜಾಡಿಸದಿದ್ದರೆ ಬಿಟ್ಟುಬಿಡಬೇಕು. ನನಗೇ ಅರಿವಿಲ್ಲದೆ ನಲ್ಲಿಯಿಂದ ಬೊಗಸೆ ನೀರು ತಂದು ಹಾಕಿದೆ. ಕುರಿ ಸುಮ್ಮನೆ ನಿಂತಿತು. ನಾನೂ ನಿಂತೆ. ಏನು ಕಾಯುತ್ತಿದ್ದೀಯ ಎಂದು ಮೇಡಂ ಕೇಳಿದಾಗ ಎಲ್ಲ ಹೇಳಿದೆ. ಅವರು ನಗಲಿಲ್ಲ. ಆಗದಿದ್ದರೆ ಈಗಲೇ ಹೇಳು, ನಾನು ಮಾಡುತ್ತೇನೆ ಎಂದರು. ಸಿಡುಬು ಬಂದ ವರ್ಷ ಅಪ್ಪ ಹೊಲದ ಬದುವಿನಲ್ಲಿ ಮರಿಗಳನ್ನು ಹೂಳಿದ್ದು ಕಣ್ಣ ಮುಂದೆ ಬಂತು. ಕೊಲ್ಲುವ ಮದ್ದಿನ ಸೂಜಿ ಎತ್ತಿಕೊಂಡೆ. ಕೊನೆಯವರೆಗೂ ಅದು ಮೈ ಜಾಡಿಸಲಿಲ್ಲ.

ಲಸಿಕೆ ಗೆದ್ದಿತು. ರಜೆಗೆ ಹೊರಟಾಗ ಮೇಡಂ ನಮ್ಮ ಹಿಂಡಿಗೆ ಸಾಲುವಷ್ಟು ಕೊಟ್ಟು ಕಳಿಸಿದರು. ಅಪ್ಪ ಗೊಬ್ಬರಕ್ಕೆಂದು ಒಬ್ಬರ ಎರೆಹೊಲದಲ್ಲಿ ಕುರಿ ನಿಲ್ಲಿಸಿದ್ದ. ಬಲೆ ಕಟ್ಟಿದ ಕುರಿದಡ್ಡಿಯ ಬಳಿ ಕೂತು ಎಲ್ಲವನ್ನೂ ಹೇಳಿದೆ. ಅಪ್ಪ ಕಂಬಳಿ ಹೆಗಲಿಗೇರಿಸಿ ಎದ್ದ.

“ಕೇಳದ ಕೊಯ್ದಿದ್ರ ಅದೊಂದು ಮಾತು,” ಎಂದ. “ಕೇಳಿದಿ, ಅದು ಒಲ್ಲೆ ಅಂತು, ಆದ್ರೂ ಕೊಯ್ದಿ. ದಡ್ಡಿ ಒಳಗ ಬರಬ್ಯಾಡ ತಮ್ಮಾ.”

ನನಗೆ ಅಳು ಬಂತು, ಸಿಟ್ಟೂ ಬಂತು. ಈ ಮರಿಗಳಿಗಾಗಿಯೇ ಅಲ್ಲವೇ ಎಂದೆ. ಅಪ್ಪ ದಡ್ಡಿಯ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಒಂದು ಮರಿಯನ್ನು ಎತ್ತಿಕೊಂಡು ಬಂದು ಬಲೆಯಾಚೆಯಿಂದ ನನ್ನ ಮುಂದೆ ಹಿಡಿದ. ಚುಚ್ಚಿದೆ. ಇನ್ನೊಂದನ್ನು ತಂದ. ಇಡೀ ಹಿಂಡಿಗೆ ಹಾಗೆಯೇ, ಅವನು ಒಳಗೆ, ನಾನು ಹೊರಗೆ. ಕೊನೆಯ ಕುರಿ ಸೂಜಿ ತೆಗೆದೊಡನೆ ಬಾಲದವರೆಗೂ ಮೈ ಜಾಡಿಸಿತು. ನಾನು ಆಸೆಯಿಂದ ಅಪ್ಪನ ಮುಖ ನೋಡಿದೆ.

“ಅದು ಸೂಜಿಗೆ ಜಾಡಿಸಿದ್ದಲೇ,” ಎಂದ ಅಪ್ಪ. “ನಿನಗಲ್ಲ.”

ಈಗ ಮತ್ತೆ ದಿಲ್ಲಿಯಲ್ಲಿದ್ದೇನೆ. ನನ್ನ ಸರದಿ ಬಂದ ದಿನ ಮೇಡಂ ಒಂದು ಬಟ್ಟಲು ನೀರು ಇಡಿಸುತ್ತಾರೆ. ನಾನು ಅದನ್ನು ಮುಟ್ಟುವುದಿಲ್ಲ, ತೆಗೆಯಿರಿ ಎಂದೂ ಹೇಳುವುದಿಲ್ಲ.