ಆರಕ್ಷರದ ಶರಣಬಸಮ್ಮ

“ಶ್ಯಾರನ್ ಬ್ಯಾಸ್!” ಎಂದು ಇಂಗ್ಲೆಂಡಿನಿಂದ ಬಂದ ಅತಿಥಿ ಮೇಡಂ ಮೈಕಿನಲ್ಲಿ ಮೂರು ಸಲ ಕೂಗಿದರು. ಕೊಳಕೂರಿನ ಹೊಲಿಗೆ ತರಬೇತಿಯ ಸರ್ಟಿಫಿಕೇಟ್ ಪಡೆಯಬೇಕಿದ್ದ ಶರಣಬಸಮ್ಮ ಕುರ್ಚಿಯಿಂದ ಏಳಲೇ ಇಲ್ಲ. ಏಳು ಸಮುದ್ರ ದಾಟಿ ಬಂದ ನಾಲಿಗೆ ಆರಕ್ಷರ ದಾಟಲಾರದೆಂದು, ಮಹಾ ದುಭಾಷಿಯಾದ ನಾನೇ ಪಟ್ಟಿಯಲ್ಲಿ ಹಾಗೆ ಬರೆದುಕೊಟ್ಟಿದ್ದೆ.

“ಏಳ್ರಿ ಅಕ್ಕಾ, ನಿಮ್ಮನ್ನೇ ಕರಿಯಾಕತ್ತಾರ,” ಎಂದು ಹಲ್ಲುಕಿರಿದೆ.

“ಬಟ್ಟಿ ಕತ್ತರಸೂದು ಕಲ್ತಾಕಿ ನಾ. ನನ್ನ ಹೆಸರು ಕತ್ತರಸಾಂವ ನೀ ಯಾರಲೇ? ಮೊದಲ ಸಲ ಮೈಕಿನ್ಯಾಗ ಬರಾಕತ್ತದ, ಪೂರಾ ಬರ್ಲಿ!”

ಅದನ್ನು ತಿಳಿಸಿದಾಗ ಮೇಡಂ ಕೆಂಪಾದರು. ಎರಡು ಸಲ ಎಡವಿ, ಮೂರನೆಯ ಸಲ “ಶರಣಬಸಮ್ಮ” ಎಂದರು. ಅಕ್ಕ ಎದ್ದರು.

ಮಲ್ಲಿಕಾರ್ಜುನನೆಂಬ ನನ್ನನ್ನು ಊರೆಲ್ಲ ಈಗ ಅದೇ ಕತ್ತರಿ ಹಾಕಿ ‘ಮ್ಯಾಲಿ’ ಎಂದೇ ಕರೆಯುತ್ತದೆ. ತಿದ್ದೋಣವೆಂದರೆ ಬಾಯಿ ಬರುವುದಿಲ್ಲ.