ಮೇಲಿನವಳಿಗಾಗಿ ದಿನಕ್ಕೆರಡು ಪುಟ

ಬೆಳಗಿನ ಜಾವ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಕಿರಿದಾದ ಗಲ್ಲಿಯ ಕೊನೆಯ ಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಮಹಡಿ ಮೆಟ್ಟಿಲಿನ ಬುಡದಲ್ಲಿ ಒಂದು ಸ್ಟೂಲು, ಅದರ ಮುಂದೆ ಯಂತ್ರ ಕಳಚಿಟ್ಟ ಹಳೆಯ ಹೊಲಿಗೆ ಮೇಜು. ಅರವತ್ತಮೂರು ವರ್ಷದ ಹೆಂಗಸೊಬ್ಬರು ಗೆರೆ ಹಾಕಿದ ನೋಟ್‌ಬುಕ್ ಬಿಡಿಸಿ, ಪೆನ್ನಿನ ಮುಚ್ಚಳವನ್ನು ಮಡಿಲಿಗೆ ಹಾಕಿಕೊಂಡು ಬರೆಯಲು ಕೂತಿದ್ದಾರೆ. ಪ್ರತಿ ವಾಕ್ಯವನ್ನೂ ಮೊದಲು ಪಿಸುದನಿಯಲ್ಲಿ ಹೇಳಿ ನೋಡುತ್ತಾರೆ. ಕಿವಿಗೆ ಸರಿಬಂದರೆ ಮಾತ್ರ ಕಾಗದಕ್ಕೆ ಇಳಿಸುತ್ತಾರೆ.

ಮೇಲಿನ ಕೋಣೆಯಲ್ಲಿ ಕುರ್ಚಿ ಎಳೆದ ಸದ್ದಾಗುತ್ತದೆ. ಅವರು ತಲೆ ಎತ್ತುವುದಿಲ್ಲ. "ನಿಧಾನ, ಬರೀತಿದ್ದೀನಲ್ಲ," ಎಂದು ಮೇಲಿನ ಸೂರಿನ ಕಡೆಗೆ ಹೇಳಿ ಮುಂದಿನ ಸಾಲಿಗೆ ಹೋಗುತ್ತಾರೆ. ಮೇಲೆ ಬೆಕ್ಕೋ ಬಾಡಿಗೆಯವರೋ ಇರಬೇಕೆಂದು, ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಅಂದುಕೊಳ್ಳುತ್ತೇನೆ. ಈ ಮನೆಯಲ್ಲಿ ಬೆಕ್ಕಿಲ್ಲ, ಮೇಲಿನ ಕೋಣೆಗೆ ಒಂಬತ್ತು ವರ್ಷದಿಂದ ಬಾಡಿಗೆಯವರು ಬಂದಿಲ್ಲ ಎಂದು ತಿಳಿದದ್ದು ಆಮೇಲೆ.

ಬೀದಿಯವರ ಬಾಯಲ್ಲಿ ಇವರು ಕಾದಂಬರಿ ಆಂಟಿ. ಬರೆಯುವವರೂ ಇವರೇ, ಅಚ್ಚು ಹಾಕಿಸುವವರೂ ಇವರೇ, ದಬ್ಬಳ ಹಿಡಿದು ಹೊಲಿಯುವವರೂ ಇವರೇ. ತಿಂಗಳಿಗೊಂದರಂತೆ ಮೂವತ್ತೆರಡು ಪುಟದ ತೆಳು ಪುಸ್ತಕ, ಒಂದು ಕಂತಿಗೆ ಎರಡು ಅಧ್ಯಾಯ, ಅಂಚೆಯಲ್ಲಿ ತರಿಸಿಕೊಳ್ಳುವ ಇನ್ನೂರ ಹನ್ನೆರಡು ಓದುಗರು. ಹೀಗೆ ಹನ್ನೊಂದು ಕಾದಂಬರಿ ಮುಗಿಸಿದ್ದಾರೆ. ಯಾವ ಅಂಗಡಿಯಲ್ಲೂ ಇವರ ಪುಸ್ತಕ ಸಿಗುವುದಿಲ್ಲ, ಯಾವ ವೇದಿಕೆಗೂ ಇವರನ್ನು ಕರೆದವರಿಲ್ಲ. ಅದರ ಬಗ್ಗೆ ಕೇಳಿದರೆ ತಲೆ ಕೆಡಿಸಿಕೊಳ್ಳುವುದೂ ಇಲ್ಲ.

ಹತ್ತೊಂಬತ್ತು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು ಇವರು. ಊರವರ ತಪ್ಪನ್ನೆಲ್ಲ ತಿದ್ದಿ ಸಾಕಾಗಿ, ನನ್ನ ತಪ್ಪನ್ನು ನಾನೇ ಮಾಡುತ್ತೇನೆ ಎಂದು ಕೆಲಸ ಬಿಟ್ಟರಂತೆ. ಪ್ರಕಾಶಕರೊಬ್ಬರು ಇವರ ಮೊದಲ ಹಸ್ತಪ್ರತಿಯನ್ನು ಓದದೆಯೇ ಹಿಂತಿರುಗಿಸಿದ್ದರು. ಓದಿಲ್ಲವೆಂದು ಗೊತ್ತಾದದ್ದು ಹೇಗೆಂದರೆ, ಇಪ್ಪತ್ತನೇ ಪುಟಕ್ಕೂ ಇಪ್ಪತ್ತೊಂದನೇ ಪುಟಕ್ಕೂ ಇವರು ಚೂರೇ ಚೂರು ಅಂಟು ಹಚ್ಚಿ ಕಳಿಸಿದ್ದರು. ಅದು ಹಾಗೇ ಇತ್ತು. ಕರಡು ತಿದ್ದುವವರ ಬುದ್ಧಿ ಎಲ್ಲಿ ಹೋಗುತ್ತದೆ.

ಕೆಲಸದಲ್ಲಿ ಇವರದು ಎರಡೇ ಕಟ್ಟುನಿಟ್ಟು. ಬೆಳಿಗ್ಗೆ ಬರೆದ ಎರಡು ಪುಟವನ್ನು ಮೊದಲ ಚಹಾಕ್ಕೆ ಮುಂಚೆ ಅಕ್ಕನಿಗೆ ಓದಿ ಹೇಳಬೇಕು. ತಾನು ಕಣ್ಣಾರೆ ಕಾಣದ ಬಾಗಿಲನ್ನು ಕಥೆಯಲ್ಲಿ ಯಾರೂ ತೆರೆಯಬಾರದು. ಈ ಎರಡನೆಯದಕ್ಕಾಗಿ ಅಳತೆ ಟೇಪು ಹಿಡಿದು ಪರರ ಮನೆ ಹೊಕ್ಕು ಬೈಸಿಕೊಂಡದ್ದೂ ಉಂಟು.

ಅಕ್ಕನಿಗೆ ಎಪ್ಪತ್ತೊಂದು. ಮೂರು ವರ್ಷದ ಹಿಂದೆ ಎರಡೂ ಕಣ್ಣು ಹೋದವು. ಮನೆಯನ್ನು ಈಗ ಎಣಿಕೆಯಲ್ಲೇ ಬಲ್ಲವರು: ಮಂಚದಿಂದ ಅಡುಗೆಮನೆಗೆ ಏಳು ಹೆಜ್ಜೆ, ಬೀದಿ ಬಾಗಿಲಿಗೆ ಹನ್ನೊಂದು, ಮಹಡಿಗೆ ಹದಿನಾಲ್ಕು ಮೆಟ್ಟಿಲು. ಕಿವಿ ಮಾತ್ರ ಮಹಾ ಚುರುಕು. ಎರಡನೇ ಅಧ್ಯಾಯದಲ್ಲಿ ಚಪ್ಪಲಿ ಕಳೆದುಕೊಂಡವನು ಒಂಬತ್ತರಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರೆ ಅಲ್ಲೇ ಹಿಡಿದುಬಿಡುತ್ತಾರೆ. ಅವರನ್ನು ಒಬ್ಬರನ್ನೇ ಬಿಟ್ಟು ಹೋಗಲಾಗದೆ ತಂಗಿ ಊರು ಸುತ್ತುವುದನ್ನು ನಿಲ್ಲಿಸಿದರು. ಹಾಗಾಗಿ ಹನ್ನೆರಡನೇ ಕಾದಂಬರಿಯ ಕಥೆಯನ್ನು ತಮ್ಮ ಮನೆಯಲ್ಲೇ ನಡೆಸಿದರು. ಮಹಡಿ ಕೋಣೆಗೆ ಒಬ್ಬ ಹೆಂಗಸು ಬಾಡಿಗೆಗೆ ಬರುತ್ತಾಳೆ. ಅವಳಿಗೆ ಹೆಸರಿಡಲಿಲ್ಲ. ಕಥೆಯುದ್ದಕ್ಕೂ ಅವಳು 'ಮೇಲಿನವಳು', ಅಷ್ಟೇ.

ತಪ್ಪಾದದ್ದು ಮೂರನೇ ಅಧ್ಯಾಯದಲ್ಲಿ. ಮೇಲಿನವಳು ಹದಿನೈದು ಮೆಟ್ಟಿಲು ಹತ್ತಿದಳು ಎಂದು ಇವರ ಕೈ ಬರೆಯಿತು. ಎಲ್ಲವನ್ನೂ ಹಿಡಿಯುವ ಅಕ್ಕ ಅಂದು ಹೂಂಗುಟ್ಟಿ ಸುಮ್ಮನಾದರು. ಮರುದಿನ ಒಣಗಿದ ಬಟ್ಟೆ ತರಲು ಅಕ್ಕ ಎಂದಿನಂತೆ ಗಟ್ಟಿಯಾಗಿ ಎಣಿಸುತ್ತ ಮಹಡಿ ಹತ್ತಿದರು. ತಂಗಿ ಕೆಳಗಿನಿಂದ ನೋಡುತ್ತಿದ್ದರು.

"ಹದಿನಾಲ್ಕು ಆಯ್ತು, ನಿಲ್ತಾಳೆ ಅಂದ್ಕೊಂಡೆ. ಹದಿನೈದು ಅಂದ್ಳು, ಕಾಲೆತ್ತಿ ಇಟ್ಳು. ಬೀಳ್ಲಿಲ್ಲ. ನೆಲಕ್ಕೂ ಅವಳ ಪಾದಕ್ಕೂ ಮಧ್ಯೆ ಗೇಣುದ್ದ ಜಾಗ ಇತ್ತು. ಹಾಗೇ ನಿಂತ್ಕೊಂಡು ಯಾರ ಹತ್ರಾನೋ ಮಾತಾಡಿದ್ಳು," ಎನ್ನುತ್ತಾರೆ.

ಅಂದೇ ಹದಿನೈದನ್ನು ಹೊಡೆದು ಹದಿನಾಲ್ಕು ಮಾಡಿದರು. ತಿದ್ದಿದ್ದನ್ನು ಓದಿದಾಗ ಅಕ್ಕ ತಡೆದರು. ನಿನ್ನೆ ಹೇಳಿದ್ದೇ ಸರಿಯಾಗಿತ್ತು, ಹಾಗೇ ಬಿಡು ಎಂದರು. ಅಚ್ಚಾದ ಕಂತಿನಲ್ಲಿ ಹದಿನೈದೇ ಇದೆ.

ನಾನು ಇಂಥದ್ದನ್ನೆಲ್ಲ ನಂಬುವ ಪೈಕಿಯಲ್ಲ. ಎದ್ದು ಹೋಗಿ ಎಣಿಸುತ್ತ ಹತ್ತುತ್ತೇನೆ, ಹದಿನಾಲ್ಕು. ಮೇಲಿನ ಕೋಣೆಯಲ್ಲಿ ಒಂದು ಟ್ರಂಕು, ಬಟ್ಟೆ ಒಣಗಿಸುವ ಹಗ್ಗ, ಕಿಟಕಿಗೆ ಮುಖಮಾಡಿದ ಒಂದು ಕುರ್ಚಿ. ನೆಲದ ಮೇಲೆ ಧೂಳಿದೆ. ಕುರ್ಚಿಯ ಮೇಲೆ ಇಲ್ಲ. ಇಳಿಯುವಾಗ ಮತ್ತೆ ಎಣಿಸುತ್ತೇನೆ. ಹದಿನೈದು ಬರುತ್ತದೆ. ಎಲ್ಲೋ ತಪ್ಪಿದೆನೆಂದು ತಿರುಗಿ ಹತ್ತುವ ಮನಸ್ಸು ಬರುವುದಿಲ್ಲ. ನನಗೆ ಭಯವಾಗಿದೆ, ಅದನ್ನು ಮುಚ್ಚಿಟ್ಟು ಏನು ಮಾಡಲಿ.

ಕೆಳಗೆ ಮಂಚದ ಮೇಲೆ ಕೂತಿದ್ದ ಅಕ್ಕ ನನ್ನ ಕಡೆ ಮುಖ ತಿರುಗಿಸುತ್ತಾರೆ. "ಮೆಟ್ಟಿಲ ಮೇಲೆ ಕೂತಿದ್ಲಲ್ಲ, ಸ್ವಲ್ಪ ಸರಿಯಮ್ಮ ಅಂದಿದ್ರೆ ಸರೀತಿದ್ಲು. ಸೆರಗು ತುಳಿದುಬಿಟ್ರಿ ನೀವು," ಎನ್ನುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ. ಮನೆಗೆ ಬಂದವರಿಗೆ ಬುದ್ಧಿ ಹೇಳುವ ಹಿರಿಯರ ಸಲಿಗೆ ಅಷ್ಟೇ. ನಾನು ತಪ್ಪಾಯಿತು ಎನ್ನುತ್ತೇನೆ, ಯಾರಿಗೆ ಹೇಳಿದೆನೋ ತಿಳಿಯದು.

ಇಷ್ಟೇ ಆಗಿದ್ದರೆ ಮನೆಯಲ್ಲಿ ಮಾತಿಗೊಂದು ಜೊತೆ ಸಿಕ್ಕಿತೆಂದು ತಂಗಿ ಸುಮ್ಮನಿರುತ್ತಿದ್ದರು. ಆದರೆ ಬರೆಯಲು ಕೂರುವ ಮೊದಲು ಇಡೀ ಕಥೆಯ ಹಂದರವನ್ನು ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದಿಡುವುದು ಇವರ ರೂಢಿ. ಈ ಕಾದಂಬರಿಗೆ ಇಪ್ಪತ್ತನಾಲ್ಕು ಅಧ್ಯಾಯ. ಕೊನೆಯದರ ಎದುರು ಬರೆದದ್ದು ಎರಡೇ ಮಾತು: 'ಮೇಲಿನವಳು ಮನೆ ಬಿಟ್ಟು ಹೊರಡುತ್ತಾಳೆ. ಒಬ್ಬಳೇ ಅಲ್ಲ.' ಆ ಹಾಳೆಯನ್ನು ಅಕ್ಕನಿಗೆ ಎಂದೂ ಓದಿಲ್ಲ.

ಇಪ್ಪತ್ತಮೂರನೇ ಅಧ್ಯಾಯ ಮುಗಿದ ಮರುದಿನ ಇವರಿಗೆ ಮೈ ಸುಡುವ ಜ್ವರ ಬಂತು. ಬರೆಯಲು ಏಳಲಾಗಲಿಲ್ಲ. ಆರು ಗಂಟೆಗೆ ಕಣ್ಣು ಬಿಟ್ಟರೆ ಮಂಚದ ಮೇಲೆ ಅಕ್ಕ ಇಲ್ಲ. ಸ್ನಾನ ಮುಗಿಸಿ, ಹೊರಗೆ ಹೋಗುವಾಗ ಉಡುವ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ಕೈಚೀಲ ಹಿಡಿದು ಬೀದಿ ಬಾಗಿಲಲ್ಲಿ ನಿಂತಿದ್ದರು. ಚಿಲಕ ತೆಗೆದಾಗಿತ್ತು.

"ಇವತ್ತು ನೀನು ಬರೀಲಿಲ್ಲವಲ್ಲ ಪುಟ್ಟಿ. ಇಲ್ಲಿ ಕೆಲಸ ಮುಗೀತು, ಹೊರಡೋಣ ಬಾ ಅಂದ್ಲು," ಎಂದರಂತೆ.

ತಂಗಿ ಹೊಸ್ತಿಲ ಮೇಲೆ ಕುಸಿದು ಕೂತು ಅಕ್ಕನ ಕಾಲು ಹಿಡಿದುಕೊಂಡರು. ನಡುಗುತ್ತಲೇ, ಕಾಗದವಿಲ್ಲದೆ, ಬಾಯಿಗೆ ಬಂದಂತೆ ಎರಡು ಪುಟದಷ್ಟು ಕಥೆ ಹೇಳಿದರು. ಮೇಲಿನವಳಿಗೆ ಒಂದು ಪತ್ರ ಬರುವುದಿದೆ, ಅದು ಬರುವ ತನಕ ಅವಳು ಕಾಯಬೇಕು ಎಂದು ಹೇಳಿದರು. ಅಕ್ಕ ಕೇಳಿದರು. ಕೊನೆಗೆ ಚಪ್ಪಲಿ ಕಳಚಿ, ಹಾಗಾದರೆ ಚಹಾ ಇಡು ಎಂದರು.

ಇದಾಗಿ ಒಂಬತ್ತು ತಿಂಗಳು. ಅಂದಿನಿಂದ ಒಂದು ದಿನವೂ ಬರವಣಿಗೆ ತಪ್ಪಿಲ್ಲ. ಇಪ್ಪತ್ತನಾಲ್ಕಕ್ಕೆ ಮುಗಿಯಬೇಕಿದ್ದ ಕಾದಂಬರಿ ನಲವತ್ತೊಂದನೇ ಅಧ್ಯಾಯದಲ್ಲಿದೆ. ಪತ್ರ ಬಂತು, ತಪ್ಪು ವಿಳಾಸದ್ದು. ಇನ್ನೊಂದು ಬಂತು, ನೆನೆದು ಅಕ್ಷರ ಅಳಿಸಿದ್ದು. ಮೇಲಿನವಳು ಒಂದು ಅಧ್ಯಾಯವಿಡೀ ಗುಂಡಿ ಹೊಲಿದಳು. ಓದುಗರು ಬಿಡುತ್ತಾರೆಯೇ? ಇಷ್ಟು ವರ್ಷ ಕಣ್ಣಿಗೊತ್ತಿಕೊಂಡು ಓದಿದ ನಿವೃತ್ತ ಮೇಷ್ಟ್ರೊಬ್ಬರು, ರಬ್ಬರಿನಂತೆ ಎಳೆಯುತ್ತಿದ್ದೀರಿ, ಮುಂದಿನ ಕಂತು ಕಳಿಸಬೇಡಿ ಎಂದು ಕಾರ್ಡು ಬರೆದಿದ್ದಾರೆ. ಆ ಕಾರ್ಡನ್ನು ನನಗೆ ತೋರಿಸುವಾಗ ಇವರ ಕಣ್ಣು ತುಂಬುತ್ತದೆ.

"ಅವರು ಹೇಳಿದ್ದು ಸರಿ. ಹಾಲಿಗೆ ನೀರು ಬೆರೆಸ್ತಿದ್ದೀನಿ, ನನಗೆ ಗೊತ್ತಾಗಲ್ವಾ? ಬೇರೆಯವರು ಹೀಗೆ ಬರೆದಿದ್ರೆ ನಾನೇ ಮೂಗು ಮುರೀತಿದ್ದೆ. ಆದ್ರೆ ಮೇಷ್ಟ್ರಿಗೋಸ್ಕರ ಅಕ್ಕನ್ನ ಕಳಿಸಿಕೊಡೋಕಾಗುತ್ತಾ?"

ಆ ಮೊದಲ ಹಾಳೆಯನ್ನು ಹರಿದುಬಿಡಬಹುದಲ್ಲ ಎಂದು ನಾನು ಜಾಣತನ ತೋರುತ್ತೇನೆ. ಹರಿದದ್ದಷ್ಟೇ ಅಲ್ಲ, ಒಲೆಯಲ್ಲಿ ಸುಟ್ಟಿದ್ದಾರೆ. ಬೂದಿ ಇನ್ನೂ ಬಿಸಿ ಇರುವಾಗಲೇ ಅಕ್ಕ ಅಡುಗೆಮನೆ ಬಾಗಿಲಿಗೆ ಬಂದು, ಸುಟ್ಟರೆ ಹೋಗುವುದಿಲ್ಲವಂತೆ ಕಣೇ, ಬರೆದದ್ದು ಬರೆದಾಯಿತಂತೆ ಎಂದು ಹೇಳಿ ಹೋದರಂತೆ.

ಗಂಟೆ ಆರಾಗಿದೆ. ಇಂದಿನ ಎರಡು ಪುಟ ಮುಗಿದಿವೆ. ತಂಗಿ ಮಂಚದ ಪಕ್ಕ ಕೂತು ಓದುತ್ತಾರೆ. ಮೇಲಿನವಳು ಕಿಟಕಿಯ ಗಾಜು ಒರೆಸುತ್ತಾಳೆ, ಮಳೆ ಬರುವಂತಿದೆ, ಪ್ರಯಾಣ ಇವತ್ತು ಬೇಡ ಅಂದುಕೊಳ್ಳುತ್ತಾಳೆ. ನಿಜ ಹೇಳಬೇಕೆಂದರೆ ಬರಹ ಪೇಲವವಾಗಿದೆ. ಆದರೂ ನಾನು ಉಸಿರು ಬಿಗಿಹಿಡಿದು ಕೇಳುತ್ತೇನೆ. ಓದು ಮುಗಿದ ಮೇಲೆ ಅಕ್ಕ ಸೂರಿನ ಕಡೆ ಕಿವಿಗೊಟ್ಟು ಸ್ವಲ್ಪ ಹೊತ್ತು ಕೂರುತ್ತಾರೆ. ಆಮೇಲೆ, ಸರಿಯಂತೆ ಎನ್ನುತ್ತಾರೆ. ತಂಗಿಯ ಭುಜ ಸಡಿಲವಾಗುತ್ತದೆ. ದಿನವೂ ಹೀಗೇ ಪರೀಕ್ಷೆ, ದಿನವೂ ಹೀಗೇ ಪಾಸು.

ಚಹಾ ಕುಡಿದು ಹೊರಡುವಾಗ ಬಾಗಿಲವರೆಗೆ ಬಂದವರನ್ನು, ನಿಮಗಿರುವ ಆಸೆ ಏನು ಎಂದು ಕೇಳುತ್ತೇನೆ. ಒಳಗೆ ಕೇಳಿಸದಂತೆ ದನಿ ತಗ್ಗಿಸುತ್ತಾರೆ.

"ಅಕ್ಕನಿಗಿಂತ ಒಂದೇ ಒಂದು ದಿನ ಜಾಸ್ತಿ ಬದುಕಬೇಕು. ಆವತ್ತು ಬೆಳಿಗ್ಗೆ ಕೂತು ಕೊನೇ ಅಧ್ಯಾಯ ಬರೆದುಬಿಡ್ತೀನಿ, ಚೆನ್ನಾಗಿ ಬರೀತೀನಿ. ಹನ್ನೊಂದು ಪುಸ್ತಕದಲ್ಲಿ ಒಂದನ್ನೂ ಅರ್ಧಕ್ಕೆ ಬಿಟ್ಟವಳಲ್ಲ ನಾನು. ಇದನ್ನೂ ಬಿಡಲ್ಲ."

ಅಷ್ಟು ಹೊತ್ತಿಗೆ ಅಕ್ಕ ಇರುವುದಿಲ್ಲ, ಮೇಲಿನವಳು ಒಬ್ಬಳೇ ಹೋಗಬೇಕಾಗುತ್ತದಲ್ಲ ಎನ್ನುತ್ತೇನೆ.

"ಒಬ್ಬಳೇ ಅಲ್ಲ ಅಂತ ಬರೆದಾಗಿದೆಯಲ್ಲ," ಎನ್ನುತ್ತಾರೆ ಅವರು. "ಆವತ್ತು ಮನೇಲಿ ನಾನಿರ್ತೀನಿ."