ಹದಿನೈದನೆಯ ಚೆಂಡನ್ನು ಕಾಯುವ ಗೆರೆ ಮಾಮ

ಬೆಳಗಿನ ಐದೂಮುಕ್ಕಾಲು. ಪೂಲ್ ಪಾರ್ಲರಿನ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗಿರುವ ಆರು ಮೇಜುಗಳಲ್ಲಿ ಒಂದರ ಮೇಲಷ್ಟೇ ದೀಪ. ಅರವತ್ತರ ಗಂಡಸೊಬ್ಬರು ಅದರ ಹಸಿರು ಬಟ್ಟೆಯ ಮೇಲೆ ಬ್ರಷ್ ಎಳೆಯುತ್ತಿದ್ದಾರೆ, ಮೇಲಿನ ತುದಿಯಿಂದ ಕೆಳಗಿನ ತುದಿಗೆ, ಒಂದೇ ದಿಕ್ಕಿನಲ್ಲಿ. ಬ್ರಷ್ ಬದಿಗಿಟ್ಟು ಮರದ ತ್ರಿಕೋನವೊಂದನ್ನು ಬಟ್ಟೆಯ ಮೇಲೆ ಕೂರಿಸುತ್ತಾರೆ. ಕಿವಿಗೆ ಸಿಕ್ಕಿಸಿಕೊಂಡ ಪೆನ್ಸಿಲ್ ತೆಗೆದು ಅದರ ಹೊರ ಅಂಚಿನ ಗುಂಟ ತೆಳ್ಳಗೆ ಗೆರೆ ಎಳೆಯುತ್ತಾರೆ. ಎಲ್ಲ ಕಡೆ ಅಲ್ಲ, ನಿನ್ನೆಯ ಗೆರೆ ಮಾಸಿದ ಕಡೆ ಮಾತ್ರ. ಹೊಸದು ಹಳೆಯದರ ಮೇಲೆಯೇ ಬೀಳಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು.

ಈ ಗೆರೆಯ ದೆಸೆಯಿಂದಲೇ ಇಲ್ಲಿಗೆ ಬರುವವರೆಲ್ಲ ಅವರನ್ನು ಗೆರೆ ಮಾಮ ಎನ್ನುತ್ತಾರೆ. ಅವರ ಕೆಲಸ ಚೆಂಡು ಜೋಡಿಸುವುದು.

ಇಲ್ಲಿ ಹೆಚ್ಚಾಗಿ ನಡೆಯುವುದು ಸ್ಟ್ರೇಟ್ ಪೂಲ್. ಮೇಜಿನ ಮೇಲೆ ಹದಿನೈದು ಬಣ್ಣದ ಚೆಂಡು, ಹೊಡೆಯಲು ಒಂದು ಬಿಳಿ ಚೆಂಡು. ಯಾವುದನ್ನು ಬೇಕಾದರೂ ಪಾಕೆಟ್ಟಿಗೆ ಹಾಕಬಹುದು, ಒಂದಕ್ಕೆ ಒಂದು ಅಂಕ. ಹದಿನಾಲ್ಕು ಒಳಗೆ ಹೋದೊಡನೆ ಆಟ ನಿಲ್ಲುತ್ತದೆ. ಹದಿನೈದನೆಯದನ್ನೂ ಬಿಳಿಯನ್ನೂ ಇದ್ದಲ್ಲೇ ಬಿಟ್ಟು, ಮಾಮ ಉಳಿದ ಹದಿನಾಲ್ಕನ್ನು ತ್ರಿಕೋನದಲ್ಲಿ ಮತ್ತೆ ಜೋಡಿಸುತ್ತಾರೆ, ತುದಿಯ ಜಾಗ ಖಾಲಿ ಬಿಟ್ಟು. ಆಟಗಾರ ಹದಿನೈದನೆಯದನ್ನು ಪಾಕೆಟ್ಟಿಗೆ ಕಳಿಸಿ, ಅದೇ ಹೊಡೆತದಲ್ಲಿ ಬಿಳಿಯಿಂದ ಆ ಗುಂಪನ್ನು ಒಡೆದು ಮುಂದುವರಿಯುತ್ತಾನೆ.

ತೊಡಕು ಬರುವುದು ಉಳಿದ ಎರಡರಲ್ಲಿ ಒಂದು ಪೆನ್ಸಿಲ್ ಗೆರೆಯೊಳಗೆ ಸಿಕ್ಕಿಕೊಂಡಾಗ. ತ್ರಿಕೋನ ಇಡಲು ಅದನ್ನು ತೆಗೆಯಲೇಬೇಕು. ತೆಗೆದು ಎಲ್ಲಿಡಬೇಕು?

"ಒಳಗೆ ಸಿಕ್ಕಿಬಿದ್ದಿರೋದು ಯಾವುದು, ಹೊರಗೆ ಉಳಿದಿರೋದು ಎಲ್ಲಿದೆ. ಎರಡೇ ಪ್ರಶ್ನೆ," ಎನ್ನುತ್ತಾರೆ ಮಾಮ. "ಎರಡನೇದು ಕೇಳ್ಕೊಳ್ಳೋಕೆ ಮರೆತೆ, ನೋಡಿ, ಅಲ್ಲೇ ಕೆಟ್ಟಿದ್ದು."

ಮೂವತ್ತೊಂದು ವರ್ಷದ ಹಿಂದೆ ಅವರು ಬಂದದ್ದು ಬಡಗಿಯೊಬ್ಬರ ಜೊತೆ, ಮೇಜೊಂದರ ಕಾಲು ಸರಿಮಾಡಲು. ಕೆಲಸ ಮುಗಿದ ಮೇಲೆ ಮೇಜು ಮಟ್ಟವಾಗಿದೆಯೇ ಎಂದು ನೋಡಲು ಚೆಂಡು ಉರುಳಿಸುತ್ತ ನಿಂತವರು ಅಲ್ಲೇ ಉಳಿದರು. ಈಗಿನ ತ್ರಿಕೋನವೂ ಅವರೇ ಮಾಡಿದ್ದು. ದಿನಕ್ಕೆ ಸರಾಸರಿ ನೂರಹತ್ತು ಸಲ ಜೋಡಿಸುತ್ತಾರೆ, ರಜಾದಿನಗಳಲ್ಲಿ ನೂರೈವತ್ತು ದಾಟುತ್ತದೆ. ಪ್ರತಿ ಸಲವೂ ಸೊಂಟ ಬಗ್ಗಿಸಬೇಕು. ಸಂಜೆ ಹೊತ್ತಿಗೆ ಮೇಜಿನ ಅಂಚು ಹಿಡಿದೇ ನೆಟ್ಟಗಾಗುತ್ತಾರೆ. ಆಟ ಅವರಿಗೆ ಬರುವುದಿಲ್ಲ. "ಕೋಲು ಹಿಡಿದ್ರೆ ಕೈ ನಡುಗುತ್ತೆ. ಚೆಂಡು ಹಿಡಿದ್ರೆ ನಿಲ್ಲುತ್ತೆ," ಎಂದು ನಗುತ್ತಾರೆ.

ಐದು ತಿಂಗಳ ಹಿಂದಿನ ತಪ್ಪನ್ನು ಅವರೇ ವಿವರಿಸಿದರು, ಚೆಂಡುಗಳನ್ನು ಇಟ್ಟು ತೋರಿಸುತ್ತ. ಅದು ಮೊದಲನೆಯ ಮೇಜಿನಲ್ಲಿ ನಡೆದ, ಹಿಂದಿನ ಟೂರ್ನಿಯ ಸೆಮಿಫೈನಲ್. ಬಸ್ ಡ್ರೈವರ್ ಒಬ್ಬರಿಗೂ ಗಣಿತದ ಮೇಷ್ಟ್ರೊಬ್ಬರಿಗೂ ಪಂದ್ಯ. ನೂರು ಮುಟ್ಟಿದವರು ಗೆದ್ದಂತೆ, ಡ್ರೈವರ್ ಎಪ್ಪತ್ತೊಂದರಲ್ಲಿದ್ದರು. ಬಿಳಿ ಚೆಂಡು ತ್ರಿಕೋನದ ಗೆರೆಯೊಳಗೆ ಸಿಕ್ಕಿತು. ಹದಿನೈದನೆಯದು ಮೇಜಿನ ಇನ್ನೊಂದು ತುದಿಯಲ್ಲಿ, ಆಟ ಶುರುಮಾಡುವಾಗ ಬಿಳಿಯಿಡುವ ಅಡ್ಡಗೆರೆಯ ಹಿಂದೆ, ಮೂಲೆಯ ಪಾಕೆಟ್ಟಿನ ಬಾಯಲ್ಲಿ ಕುಳಿತಿತ್ತು. ಮಾಮ ತುಟಿ ಎರಡು ಮಾಡದೆ ಬಿಳಿಯನ್ನು ತೆಗೆದು ಡ್ರೈವರ್ ಕೈಗಿತ್ತರು.

ಕೈಗೆ ಬಂದ ಬಿಳಿಯನ್ನು ಅಡ್ಡಗೆರೆಯ ಹಿಂದೆ ಎಲ್ಲಿ ಬೇಕಾದರೂ ಇಡಬಹುದು, ಆದರೆ ಅದೇ ಗೆರೆಯ ಹಿಂದಿರುವ ಚೆಂಡಿಗೆ ನೇರವಾಗಿ ಹೊಡೆಯುವಂತಿಲ್ಲ. ಡ್ರೈವರ್ ಕಣ್ಣೆದುರಿನ ಚೆಂಡನ್ನು ಬಿಟ್ಟು ದೂರದ ಗುಂಪಿಗೆ ಹೊಡೆದರು. ಒಂದೂ ಒಳಗೆ ಹೋಗಲಿಲ್ಲ. ಮೇಷ್ಟ್ರು ಎದ್ದರು, ಪಂದ್ಯ ಮುಗಿಸಿಯೇ ಕೂತರು.

ನಿಜವಾದ ನಿಯಮ ಬೇರೆ. ಹದಿನೈದನೆಯದು ಅಡ್ಡಗೆರೆಯ ಹಿಂದಿದ್ದರೆ ಬಿಳಿ ಕೈಗೆ ಹೋಗುವುದಿಲ್ಲ. ಅಡ್ಡಗೆರೆಯ ನಡುವಿನ ಚುಕ್ಕೆಯ ಮೇಲೆ ಕೂರುತ್ತದೆ, ಅಲ್ಲಿಂದ ಯಾವ ಚೆಂಡಿಗೆ ಬೇಕಾದರೂ ಹೊಡೆಯಬಹುದು. ಆಡಿದ ಇಬ್ಬರಿಗೂ ಅದು ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಬ್ರಷ್ ಆ ಚುಕ್ಕೆಯ ಹತ್ತಿರ ಬಂದಾಗ ಮಾಮನ ಕೈ ನಿಂತಿತು. ಡ್ರೈವರ್ ಡಿಪೋದಿಂದ ಹೊರಡುವ ಮುಂಚೆಯೇ ಅಲ್ಲಿಗೆ ಹೋಗಿ ಹೇಳಿಬಂದರು.

"ಕೇಳಿದವರಿಲ್ಲ, ಕೆದಕಿದವರಿಲ್ಲ. ಇವರೇ ಹೋಗಿ ಬಾಯಿ ಬಿಟ್ರು," ಎನ್ನುತ್ತಾರೆ ಪಾರ್ಲರಿನ ಯಜಮಾನರು. "ಮುಗಿದ ಪಂದ್ಯಾನ ನಾನು ಮತ್ತೆ ಆಡಿಸ್ಲಾ?" ಫಲಿತಾಂಶ ಹಾಗೇ ಉಳಿಯಿತು. ಮಾಮನನ್ನು ಮಾತ್ರ ಆರನೆಯ ಮೇಜಿಗೆ, ಹೊಸದಾಗಿ ಕಲಿಯುವವರ ಕಡೆಗೆ ಹಾಕಿದರು. ಬೆಳಗಿನ ಬ್ರಷ್ಷು, ಪೆನ್ಸಿಲ್ಲು ಎಲ್ಲ ಮೇಜುಗಳಿಗೂ ಅವರದೇ. ಜೋಡಿಸುವ ಹಕ್ಕು ಮಾತ್ರ ಮೊದಲನೆಯದರ ಮೇಲೆ ಇಲ್ಲ.

ಈ ಭಾನುವಾರ ವರ್ಷದ ಕೊನೆಯ ಟೂರ್ನಿಯ ಫೈನಲ್. ಎದುರಾಗಿರುವವರು ಅದೇ ಇಬ್ಬರು. ಚೆಂಡು ಜೋಡಿಸುವವರು ಯಾರೆಂದು ಆಟಗಾರರಿಬ್ಬರೂ ಒಪ್ಪಬೇಕೆಂಬುದು ಇಲ್ಲಿಯ ಪದ್ಧತಿ. ಮೇಷ್ಟ್ರು ಮಾಮನ ಹೆಸರು ಹೇಳಿದ್ದಾರೆ. ಐದು ತಿಂಗಳಿಂದ ಮಾಮನಿಗೆ ಮುಖ ಕೊಡದ ಡ್ರೈವರ್ ಏನೂ ಹೇಳಿಲ್ಲ. ಶುಕ್ರವಾರ ಮಧ್ಯಾಹ್ನದ ಒಳಗೆ ಉತ್ತರ ಬಾರದಿದ್ದರೆ ಬೇರೆ ಪಾರ್ಲರಿನಿಂದ ಒಬ್ಬರು ಬರುತ್ತಾರೆ, ಮುಂದೆಯೂ ಮೊದಲ ಮೇಜು ಅವರದೇ ಆಗುತ್ತದೆ. ನಾವು ಮಾತಾಡುತ್ತಿರುವುದು ಶುಕ್ರವಾರ ಬೆಳಿಗ್ಗೆ.

ಮಾಮನ ಮನೆ ಎರಡು ಬೀದಿ ಆಚೆ. ಹೆಂಡತಿ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಹಿಂದಿನ ದಿನ ಅಲ್ಲಿಗೆ ಹೋದಾಗ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದ ತ್ರಿಕೋನವೊಂದಿತ್ತು, ಸುತ್ತ ಗುಂಡಿಗಳು. ಆಕೆ ಪಾರ್ಲರಿಗೆ ಒಮ್ಮೆಯೂ ಕಾಲಿಟ್ಟವರಲ್ಲ, ಆದರೂ ಐದು ತಿಂಗಳಿಂದ ಗಂಡನಿಗೆ ಪರೀಕ್ಷೆ ನಡೆಸುತ್ತಿದ್ದಾರೆ.

"ಬಿಳಿ ಗುಂಡಿ ಒಳಗೆ, ಕರಿ ಗುಂಡಿ ಅಡ್ಡಗೆರೆ ಚುಕ್ಕೆ ಮೇಲೆ. ಹೇಳಿ."

"ಬಿಳಿ ಮೇಜಿನ ನಟ್ಟನಡುವಿನ ಚುಕ್ಕೆಗೆ."

"ಮನೇಲಿ ನಾಲ್ಕು ಲೋಟ ಸಾಲಾಗಿ ಇಡೋಕೆ ಬರಲ್ಲ ಇವರಿಗೆ," ಎಂದು ಆಕೆ ನನ್ನ ಕಡೆ ತಿರುಗಿದರು. "ಅಲ್ಲಿ ಹದಿನಾಲ್ಕು ಚೆಂಡು ಗಾಳಿ ಆಡದ ಹಾಗೆ ಇಡ್ತಾರಂತೆ. ನಂಬ್ಕೋಬೇಕು." ಆಮೇಲೆ ದನಿ ತಗ್ಗಿಸಿದರು. "ಆರನೇ ಮೇಜಿಗೆ ಹಾಕಿದ ದಿನ ಊಟ ಬಿಟ್ಟಿದ್ರು."

ಆರೂವರೆಗೆ ಶಟರ್ ಪೂರ್ತಿ ಮೇಲೇಳುತ್ತದೆ. ಖಾಕಿ ತೊಟ್ಟ ಡ್ರೈವರ್ ಒಳಗೆ ಬಂದು, ಯಾರನ್ನೂ ಮಾತಾಡಿಸದೆ ಮೊದಲ ಮೇಜಿನ ಬಳಿ ನಿಲ್ಲುತ್ತಾರೆ. ಬಿಳಿಯನ್ನೂ ಇನ್ನೊಂದು ಚೆಂಡನ್ನೂ ಪೆನ್ಸಿಲ್ ಗೆರೆಯೊಳಗೆ ಇಡುತ್ತಾರೆ.

"ಮಾಮ, ಎರಡೂ ಒಳಗೆ. ಈಗ?"

ಮಾಮ ಆರನೆಯ ಮೇಜಿನಿಂದ ನಿಧಾನವಾಗಿ ಬರುತ್ತಾರೆ. "ಹದಿನೈದೂ ಜೋಡಿಸ್ತೀನಿ. ಬಿಳಿ ಕೈಗೆ."

"ಬಣ್ಣದ್ದು ಮಾತ್ರ ಒಳಗೆ?"

"ಅದು ಅಡ್ಡಗೆರೆ ಚುಕ್ಕೆಗೆ. ಬಿಳಿ ಇದ್ದಲ್ಲೇ."

"ಅವತ್ತಿಂದು?" ಡ್ರೈವರ್ ಬಿಳಿಯನ್ನು ಗೆರೆಯೊಳಗಿಟ್ಟು, ಬಣ್ಣದ ಚೆಂಡನ್ನು ಮೂಲೆಯ ಪಾಕೆಟ್ಟಿನ ಬಾಯಲ್ಲಿ ಇಡುತ್ತಾರೆ.

ಮಾಮ ಬಿಳಿಯನ್ನು ಎತ್ತಿ ಚುಕ್ಕೆಯ ಮೇಲಿಟ್ಟು ಹಿಂದೆ ಸರಿಯುತ್ತಾರೆ. ಡ್ರೈವರ್ ಕೋಲು ಹಿಡಿದು ಮೆಲ್ಲಗೆ ತಟ್ಟುತ್ತಾರೆ. ಚೆಂಡು ಒಳಗೆ ಬೀಳುತ್ತದೆ.

"ಇಷ್ಟೇ ಇತ್ತು, ಮಾಮ."

"ಹೌದಪ್ಪ. ಇಷ್ಟೇ ಇತ್ತು."

"ನೀವು ಹೇಳದೇ ಇದ್ದಿದ್ರೆ ಸೋತೆ ಅಂತ ಸುಮ್ನೆ ಮಲಗ್ತಿದ್ದೆ. ಹೇಳಿ ನಿದ್ದೆ ಕೆಡಿಸಿಬಿಟ್ರಿ." ಡ್ರೈವರ್ ಕೋಲಿನ ತುದಿಗೆ ಚಾಕ್ ಉಜ್ಜುತ್ತಾರೆ. "ಭಾನುವಾರ ನೀವೇ ನಿಲ್ಲಿ. ಆದ್ರೆ ಸುಮ್ನೆ ಎತ್ತಿ ಕೈಗೆ ಕೊಡೋ ಹಾಗಿಲ್ಲ. ಯಾವ ಚೆಂಡು ಎಲ್ಲಿದೆ, ಎಲ್ಲಿಗೆ ಹೋಗುತ್ತೆ, ಪ್ರತಿ ಸಲ ಜೋರಾಗಿ ಹೇಳ್ಬೇಕು. ಎಲ್ಲರಿಗೂ ಕೇಳಿಸ್ಬೇಕು."

"ಜೋರಾಗಿ ಮಾತಾಡಿ ಅಭ್ಯಾಸ ಇಲ್ಲಪ್ಪ ನನಗೆ."

"ಮಾಡ್ಕೊಳ್ಳಿ. ಸ್ಟಾಪ್ ಬಂದಿದ್ದು ನನಗೂ ಕಾಣುತ್ತೆ. ಆದ್ರೂ ಕಂಡಕ್ಟರ್ ಕೂಗಲ್ವಾ?"

ಗಲ್ಲಾದ ಹಿಂದಿನಿಂದ ಯಜಮಾನರು ಕೆಮ್ಮಿ, ಏನೂ ಕೇಳಿಸದವರಂತೆ ಪೇಪರು ಮಡಿಸುತ್ತಾರೆ. ಮಾಮ ಎಲ್ಲ ಚೆಂಡುಗಳನ್ನು ಜೋಡಿಸಿಕೊಡುತ್ತಾರೆ, ಡ್ರೈವರ್ ಅಭ್ಯಾಸ ಶುರುಮಾಡುತ್ತಾರೆ. ಭಾನುವಾರದ ಬಗ್ಗೆ ಏನನ್ನಿಸುತ್ತದೆ ಎಂದರೆ ಮಾಮ ಮೇಜಿನಿಂದ ಕಣ್ಣು ಕೀಳದೆ ಉತ್ತರಿಸುತ್ತಾರೆ: "ಸೋತವರು ತಮ್ಮ ಹೊಡೆತದಿಂದ ಸೋಲ್ಬೇಕು. ನನ್ನ ಕೈಯಿಂದ ಅಲ್ಲ. ಅಷ್ಟೇ ಬೇಕಾಗಿರೋದು."

ಹದಿನಾಲ್ಕನೆಯ ಚೆಂಡು ಬೀಳುತ್ತದೆ. ಮಾಮ ಮೇಜಿನ ಅಂಚಿಗೆ ಗದ್ದ ತಾಗುವಷ್ಟು ಬಗ್ಗಿ ಗೆರೆಯ ಮೇಲೆ ಕಣ್ಣಾಡಿಸುತ್ತಾರೆ, ಇನ್ನೊಂದು ಕಡೆಯಿಂದ ಬಂದು ಮತ್ತೆ ಬಗ್ಗುತ್ತಾರೆ. ಹದಿನಾಲ್ಕನ್ನೂ ತ್ರಿಕೋನಕ್ಕೆ ತುಂಬಿ, ಬೆರಳಿನಿಂದ ಬಿಗಿಮಾಡಿ, ಮರವನ್ನು ಹಗುರವಾಗಿ ಎತ್ತುತ್ತಾರೆ. ನೆಟ್ಟಗೆ ನಿಂತು ಗಂಟಲು ಸರಿಮಾಡಿಕೊಳ್ಳುತ್ತಾರೆ. ಮೊದಲ ಮಾತು ದನಿಯಾಗಿ ಹೊರಡುವುದಿಲ್ಲ. ಎರಡನೆಯ ಸಲಕ್ಕೆ ಹೊರಟ ದನಿ ಆರನೆಯ ಮೇಜಿನವರೆಗೂ ಮುಟ್ಟುತ್ತದೆ.

"ಹದಿನೈದನೇದು ಗೆರೆಯಿಂದ ಆಚೆ, ಇದ್ದಲ್ಲೇ ಇರುತ್ತೆ. ಬಿಳಿಯೂ ಆಚೆ, ಇದ್ದಲ್ಲೇ ಇರುತ್ತೆ. ಹೊಡೀರಿ."